ನೀಲಿ ನಾರಿನ ಮೂರು ವರ್ಷ

ಆ ಮನೆಯಲ್ಲಿ ಎದೆರೋಗ ಬರಬೇಕಾಗಿದ್ದರೆ ಯಜಮಾನನಿಗೆ ಬರಬೇಕಿತ್ತು. ಇಪ್ಪತ್ತೊಂಬತ್ತು ವರ್ಷ ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ, ಕಾರ್ಖಾನೆಯಲ್ಲಿ ಧೂಳು ಕುಡಿದವನು ಅವನು. ಜೊತೆಗೆ ದುಡಿದವರಲ್ಲಿ ಅರ್ಧಕ್ಕರ್ಧ ಜನ ಕೆಮ್ಮಿ ಕೆಮ್ಮಿ ಮಣ್ಣು ಸೇರಿದ್ದರು. ಇವನು ಮಾತ್ರ ಅರವತ್ತೆಂಟರಲ್ಲೂ ಗುಂಡುಕಲ್ಲಿನಂತಿದ್ದ. ಗ್ಯಾಸ್ ಸಿಲಿಂಡರನ್ನು ಹೆಗಲ ಮೇಲಿಟ್ಟುಕೊಂಡು ಎರಡನೇ ಮಹಡಿಗೆ ಹತ್ತಿ, ಇಳಿಸಿ, "ಇನ್ನೊಂದಿದ್ರೆ ಅದನ್ನೂ ಕೊಡಿ" ಎನ್ನುತ್ತಿದ್ದ. ಉಸಿರು ಕಟ್ಟಿದ್ದು ಅವನ ಹೆಂಡತಿಗೆ. ಆ ಕಾರ್ಖಾನೆಯ ಗೇಟನ್ನು ಅವಳು ಒಂದು ದಿನವೂ ದಾಟಿದವಳಲ್ಲ.

ಮೊದಲು ತರಕಾರಿ ಚೀಲ ಭಾರವಾಯಿತು. ಆಮೇಲೆ ಬರಿಗೈಯಲ್ಲೂ ಮೆಟ್ಟಿಲು ಭಾರವಾಯಿತು. ಒಂದು ಬೆಳಿಗ್ಗೆ ಹಾಲು ತರಲು ಹೋದವಳು ಮೊದಲ ಮಹಡಿಯ ತಿರುವಿನಲ್ಲಿ ಕೂತುಬಿಟ್ಟಳು. ಕೆಲಸಕ್ಕೆ ಇಳಿಯುತ್ತಿದ್ದ ಮಗ ನೋಡಿದ.

"ಏನಮ್ಮ, ಇಲ್ಲಿ ಕೂತಿದ್ದೀಯ?"

"ಸುಮ್ನೆ ಕಣೋ. ಗಾಳಿ ಚೆನ್ನಾಗಿದೆ."

ಆ ತಿರುವಿನಲ್ಲಿ ಕಿಟಕಿಯೇ ಇರಲಿಲ್ಲ. ಮಗ ಶಾಲೆಯ ಬಸ್ಸಿನ ಡ್ರೈವರು. ಐದು ನಿಮಿಷ ತಡವಾದರೆ ನಲವತ್ತು ಮಕ್ಕಳ ತಾಯಂದಿರು ಅವನ ಜನ್ಮ ಜಾಲಾಡುತ್ತಿದ್ದರು. ಆದರೂ ಒಂದು ಕೈಯಲ್ಲಿ ಹಾಲು, ಇನ್ನೊಂದು ಕೈಯಲ್ಲಿ ತಾಯಿಯನ್ನು ಹಿಡಿದುಕೊಂಡು ಮೇಲಕ್ಕೆ ಬಂದ. ಬಂದವನೇ, "ಅಕ್ಕಾ, ಇವತ್ತು ಅಂಗಡಿಗೆ ರಜೆ ಹಾಕು" ಎಂದ.

ಅಕ್ಕ ಎಂದರೆ ಮನೆಗೂ ಬೀದಿಗೂ ಲಾಯರಮ್ಮ. ಕೋರ್ಟು ಕಂಡವಳಲ್ಲ. ಹದಿನೆಂಟು ವರ್ಷದಿಂದ ಮೆಡಿಕಲ್ ಶಾಪಿನಲ್ಲಿ ಔಷಧಿ ಕೊಡುತ್ತಿದ್ದಳು. ಆದರೆ ವಾದಕ್ಕೆ ನಿಂತು ಸೋತದ್ದನ್ನು ಯಾರೂ ನೋಡಿರಲಿಲ್ಲ. ಮದುವೆ ಮಾಡಿಕೊಳ್ಳದೆ ತೌರಿನಲ್ಲೇ ಉಳಿದಿದ್ದಳು. ಅವಳ ಮುಂದೆ ಒಂದು ವಾಕ್ಯವನ್ನು ಪೂರ್ತಿ ಮುಗಿಸಬಲ್ಲ ಗಂಡು ಸಿಗಲಿಲ್ಲ ಎಂದು ತಮ್ಮ ಗೇಲಿ ಮಾಡುತ್ತಿದ್ದ. ಡಾಕ್ಟರರ ಕಾಗೆಕಾಲು ಗುಬ್ಬಿಕಾಲಿನ ಅಕ್ಷರಕ್ಕೆ ಹೆದರದವಳು ಡಾಕ್ಟರರಿಗೆ ಹೆದರುತ್ತಾಳೆಯೇ? ಆಸ್ಪತ್ರೆಯ ಓಡಾಟವನ್ನೆಲ್ಲ ಅವಳೇ ಕೈಗೆತ್ತಿಕೊಂಡಳು.

ತಾಯಿಯ ಎದೆಯಿಂದ ಒಂದೂವರೆ ಲೀಟರು ನೀರು ತೆಗೆದರು. ಒಂದು ಚೂರು ಮಾಂಸವನ್ನು ಪರೀಕ್ಷೆಗೆ ಕಳಿಸಿದರು. ಹತ್ತು ದಿನ ಕಳೆದ ಮೇಲೆ ಡಾಕ್ಟರಮ್ಮ ಅಪ್ಪ ಮಗಳಿಬ್ಬರನ್ನೇ ಒಳಗೆ ಕರೆದು ಬಾಗಿಲು ಮುಂದೆ ಮಾಡಿದಾಗ ಲಾಯರಮ್ಮನಿಗೆ ಅರ್ಧ ಗೊತ್ತಾಗಿಹೋಯಿತು.

"ಇದಕ್ಕೆ ಮೆಸೊಥೀಲಿಯೋಮ ಅಂತಾರೆ," ಎಂದರು ಡಾಕ್ಟರಮ್ಮ. "ಶ್ವಾಸಕೋಶದ ಸುತ್ತ ಒಂದು ತೆಳ್ಳನೆ ಪೊರೆ ಇರುತ್ತೆ. ಆ ಪೊರೆಗೆ ಬರೋ ಕ್ಯಾನ್ಸರು. ಸಿಗರೇಟಿನಿಂದ ಬರೋದಲ್ಲ. ಹೆಚ್ಚು ಕಮ್ಮಿ ಯಾವಾಗಲೂ ಕಲ್ನಾರಿನಿಂದಲೇ ಬರೋದು. ನಿಮ್ಮನೇಲಿ ಯಾರಾದ್ರೂ ಅದರ ಕೆಲಸ ಮಾಡ್ತಿದ್ರಾ?"

"ನಾನು ಮಾಡ್ತಿದ್ದೆ," ಎಂದ ಅಪ್ಪ. "ಆದ್ರೆ ನಮ್ಮದು ಶೀಟ್ ವಿಭಾಗ. ಚಾವಣಿ ಶೀಟಿಗೆ ಬರೀ ಬಿಳಿ ನಾರು. ಬಿಳಿಗೆ ಏನೂ ಆಗಲ್ಲ ಅಂತ ಕಾರ್ಖಾನೇಲೇ ಬೋರ್ಡು ಬರೆಸಿದ್ರು."

"ಬೆಳ್ಳಗಿರೋದೆಲ್ಲ ಹಾಲಲ್ಲ ಯಜಮಾನರೇ. ಬಿಳೀನೂ ಒಳ್ಳೇದಲ್ಲ, ಅದರಿಂದಲೂ ಬರುತ್ತೆ. ಆದ್ರೆ ಅದರ ಎಳೆ ಸುರುಳಿ ಸುರುಳಿ. ಒಳಗೆ ಹೋದದ್ದರಲ್ಲಿ ಒಂದಷ್ಟು ಮುರಿದು ಕರಗುತ್ತೆ. ಕಂದು ನಾರು, ನೀಲಿ ನಾರು ಎರಡೂ ನೆಟ್ಟಗೆ ಸೂಜಿ ಹಾಗೆ. ನೀಲಿ ಎಲ್ಲಕ್ಕಿಂತ ಕೆಟ್ಟದ್ದು. ಒಂದು ಸಲ ಹೊಕ್ಕರೆ ಆಯ್ತು, ಅಲ್ಲೇ ಮನೆ ಮಾಡುತ್ತೆ. ಮೂವತ್ತು ವರ್ಷ, ನಲವತ್ತು ವರ್ಷ ಸದ್ದಿಲ್ಲದೆ ಇದ್ದು ಆಮೇಲೆ ಏಳುತ್ತೆ."

"ಕೆಲಸ ಮಾಡಿದೋರು ಇವರು. ಅಮ್ಮನಿಗೆ ಹೇಗೆ ಬಂತು?" ಎಂದಳು ಲಾಯರಮ್ಮ.

"ಯೂನಿಫಾರ್ಮಿನ ಮೇಲೆ ಕೂತು ಮನೆಗೆ ಬಂದಿರುತ್ತೆ. ಒಗೆಯೋರ ಮೂಗಿಗೆ ಹೋಗುತ್ತೆ. ಗುಣ ಮಾಡ್ತೀನಿ ಅಂತ ಹೇಳಲ್ಲಮ್ಮ, ಸುಳ್ಳಾಗುತ್ತೆ. ಔಷಧಿ ಶುರು ಮಾಡಿದ್ರೆ ಉಸಿರಾಟ ಹಗುರ ಆಗಬಹುದು. ಒಂದಷ್ಟು ಕಾಲ ಸಿಗಬಹುದು." ಡಾಕ್ಟರಮ್ಮ ಕಾಗದ ಮಡಿಸುತ್ತ, "ಅಂದಹಾಗೆ, ಆ ಬಟ್ಟೆ ಮುಟ್ಟಿದೋರು ಮನೇಲಿ ಬೇರೆ ಯಾರಾದ್ರೂ ಇದ್ರೆ ಅವರೂ ವರ್ಷಕ್ಕೊಂದು ಸಲ ಬಂದು ತೋರಿಸ್ಕೋಬೇಕು" ಎಂದರು.

"ಯಾರೂ ಇಲ್ಲ," ಎಂದ ಅಪ್ಪ. ಡಾಕ್ಟರಮ್ಮನ ಮಾತು ಇನ್ನೂ ಮುಗಿದಿರಲಿಲ್ಲ.

ಹೊರಗೆ ಬಂದು ಬೆಂಚಿನ ಮೇಲೆ ಹೆಂಡತಿಯ ಪಕ್ಕ ಕೂತ. ಅವಳೇ ಕೇಳಿದಳು, "ಹೊಟ್ಟೆಗೆ ಏನಾದ್ರೂ ತಗೊಂಡ್ರಾ?"

ಅಪ್ಪನಿಗೆ ಕಾರ್ಖಾನೆಯಲ್ಲಿ ಬಿದ್ದ ಹೆಸರು ಗರಿಗರಿ ಮೇಸ್ತ್ರಿ. ಇಡೀ ಕಾರ್ಖಾನೆಯ ಜನ ಹಿಟ್ಟಿನ ಗಿರಣಿಯಿಂದ ಎದ್ದು ಬಂದವರಂತೆ ಕಾಣುತ್ತಿದ್ದರೆ ಇವನ ಯೂನಿಫಾರ್ಮು ಮಾತ್ರ ಗಂಜಿ ಹಾಕಿ, ಇಸ್ತ್ರಿ ಮಾಡಿ, ಮಡಿಕೆಗೆ ಬೆರಳು ತಾಗಿದರೆ ಕೊಯ್ಯುವ ಹಾಗಿರುತ್ತಿತ್ತು. ಕಾರ್ಖಾನೆ ಮುಚ್ಚಿ ಹದಿನೈದು ವರ್ಷವಾಗಿದ್ದರೂ ಬೀದಿಯಲ್ಲಿ ಆ ಹೆಸರು ಉಳಿದುಕೊಂಡಿತ್ತು. ಆ ಗರಿಗರಿಯೆಲ್ಲ ಹೆಂಡತಿಯ ತೋಳಿನದು ಎಂದು ಅವನೇ ಎಲ್ಲರೆದುರು ಹೇಳಿಕೊಂಡು ಬೀಗುತ್ತಿದ್ದ.

ಮುಂದಿನ ವಾರ ಲಾಯರಮ್ಮ ಒಂದು ಅರ್ಜಿ ತಂದಳು. ಕಾರ್ಖಾನೆ ಮುಚ್ಚುವಾಗ ಕೋರ್ಟಿನ ಮಾತಿಗೆ ಕಟ್ಟುಬಿದ್ದು ಮಾಲೀಕರು ಒಂದು ನಿಧಿ ಇಟ್ಟಿದ್ದರು. ಕಾರ್ಮಿಕರಿಗೆ, ಅವರ ಮನೆಯವರಿಗೆ ಈ ಕಾಯಿಲೆ ಬಂದರೆ ಔಷಧಿಯ ಪೂರ್ತಿ ಖರ್ಚು ನಿಧಿಯದ್ದು. ಮೂರು ವಾರಕ್ಕೊಮ್ಮೆ ಕೊಡಬೇಕಾದ ಆ ಔಷಧಿಯನ್ನು ಈ ಮನೆಯವರು ಸ್ವಂತ ದುಡಿಮೆಯಲ್ಲಿ ಎರಡು ಸಲ ಕೊಡಿಸಬಹುದಿತ್ತು, ಮೂರನೆಯದಕ್ಕೆ ಕೈ ಎತ್ತಬೇಕಿತ್ತು. ಹಾಗಾಗಿ ನಿಧಿ ಒಪ್ಪುವವರೆಗೆ ಶುರು ಮಾಡುವಂತಿರಲಿಲ್ಲ.

ರಾತ್ರಿಯೂಟಕ್ಕೆ ಎಲ್ಲರೂ ಕೂತಿದ್ದರು. ಅನ್ನ, ಬೇಳೆ, ಬೇಯಿಸಿದ ಆಲೂಗಡ್ಡೆ. ಅಮ್ಮನಿಗೆ ಕೋಣೆಯಲ್ಲೇ ಗಂಜಿ ಕೊಟ್ಟಾಗಿತ್ತು.

"ಮೂರನೇ ಪ್ರಶ್ನೆ," ಎಂದು ಲಾಯರಮ್ಮ ತಟ್ಟೆಯ ಪಕ್ಕದಲ್ಲಿ ಅರ್ಜಿ ಹರಡಿದಳು. "ಯಾವ ನಾರು? ಬಿಳಿ, ಕಂದು, ನೀಲಿ."

"ಬಿಳಿ ಅಂತ ಬರಿ," ಎಂದ ಅಪ್ಪ.

"ಬಿಳಿ ಅಂತ ಬರೆದ್ರೆ ಅರ್ಜಿ ಅಲ್ಲಿಗೇ ಮುಗೀತು. ಬಿಳಿಗೆ ನಿಧಿ ಕೊಡಲ್ಲ. ಕಂಪನಿಯೋರು ಬಿಳಿ ನಿರಪಾಯ ಅಂತ ಈಗಲೂ ಕೇಸು ನಡೆಸ್ತಿದ್ದಾರೆ."

"ಹಾಗಾದ್ರೆ ನೀಲಿ ಅಂತ ಬರೆದು ಬಿಸಾಕು," ಎಂದ ಡ್ರೈವರು ಮಗ. "ಒಳಗೆ ಕೈ ಹಾಕಿ ಯಾರು ಬಣ್ಣ ನೋಡ್ತಾರೆ?"

"ಬಾಯಲ್ಲಿ ಬಂದದ್ದೆಲ್ಲ ಆಡಬೇಡ," ಎಂದು ಅಪ್ಪ ಗದರಿದ. "ನಾರು ಅಂದ್ರೆ ಎಲ್ಲಾ ಒಂದೇ ಅಂದ್ಕೊಂಡಿದ್ದೀಯಾ? ಕಣ್ಣು ಕಟ್ಟಿ ಕೈಗೆ ಕೊಡು, ನಾನು ಹೇಳ್ತೀನಿ. ಬಿಳಿ ರೇಷ್ಮೆ ಇದ್ದ ಹಾಗೆ, ಉಂಡೆ ಕಟ್ಟಿದ್ರೆ ಕೂರುತ್ತೆ. ಕಂದು ಒರಟು. ನೀಲಿಗೆ ಬಾಗೋದೇ ಗೊತ್ತಿಲ್ಲ, ಉಗುರಿನ ಸಂದೀಲಿ ಸೇರ್ಕೊಂಡ್ರೆ ಎರಡು ದಿನ ಚುಚ್ತಾ ಇರುತ್ತೆ."

ಲಾಯರಮ್ಮ ಪೆನ್ನು ಕೆಳಗಿಟ್ಟಳು.

"ಅಪ್ಪ. ಬರೀ ಬಿಳಿ ಮುಟ್ಟಿದೋರ ಉಗುರಲ್ಲಿ ನೀಲಿ ಹೇಗೆ ಚುಚ್ಚಿತು?"

ಮೇಸ್ತ್ರಿಯ ಕೈಯ ತುತ್ತು ತಟ್ಟೆಗೆ ಮರಳಿತು. "ಯಾರೋ ಹೇಳಿದ್ರು," ಎಂದು ಎದ್ದು ಕೈ ತೊಳೆದುಕೊಂಡ. ನಲ್ಲಿ ನಿಲ್ಲಿಸುವುದನ್ನೂ ಮರೆತು ಹೊರಗೆ ಹೋದ.

"ಊಟದ ಹೊತ್ತಲ್ಲಾದ್ರೂ ಕಟಕಟೆ ಹತ್ತಿಸೋದು ಬಿಡಬಾರದಾ ಅತ್ತಿಗೆ?" ಎಂದಳು ಸೊಸೆ.

ಸೊಸೆ ಟೈಲರು. ಮನೆಯ ಹಜಾರದಲ್ಲೇ ಮಷೀನು ಇಟ್ಟುಕೊಂಡು ಬೀದಿಯ ಹೆಂಗಸರ ಬಟ್ಟೆ ಹೊಲಿಯುತ್ತಿದ್ದಳು. ಅತ್ತೆ ಹಾಸಿಗೆ ಹಿಡಿದ ಮೇಲೆ ಅಡುಗೆ, ಪಾತ್ರೆ, ಹಾಸಿಗೆ ಒಗೆಯುವುದು ಎಲ್ಲ ಅವಳ ತಲೆಗೇ ಬಂದಿತ್ತು. ಕೆಲಸಕ್ಕೆ ಅವಳು ಅಂಜುವವಳಲ್ಲ. ಅವಳಿಗೆ ಉರಿಯುತ್ತಿದ್ದದ್ದು ಬೇರೆ ಒಂದು ವಿಷಯಕ್ಕೆ. ಆ ವಾರ ಲಾಯರಮ್ಮನಿಗೆ ನೆಗಡಿಯಾಗಿತ್ತು. ಅವಳು ಹಜಾರದಲ್ಲಿ ಒಂದು ಸಲ ಕೆಮ್ಮಿದರೆ ಸಾಕು, ಕೋಣೆಯಿಂದ ಅತ್ತೆಯ ಧ್ವನಿ ಬರುತ್ತಿತ್ತು.

"ಯಾರೇ ಕೆಮ್ಮಿದ್ದು?"

"ನಾನಮ್ಮ. ನೆಗಡಿ."

"ಎಷ್ಟು ದಿನ ಆಯ್ತು?"

"ಮೂರು ದಿನ."

"ಒಣ ಕೆಮ್ಮಾ, ಕಫ ಇದೆಯಾ? ಎದೆಯಲ್ಲಿ ಏನಾದ್ರೂ ನೋಯುತ್ತಾ? ಇಲ್ಲಿ ಬಾ, ಉಸಿರು ಎಳ್ಕೋ ನೋಡೋಣ."

ತಾನೇ ಮೂರು ದಿಂಬಿಗೆ ಒರಗಿ ಉಸಿರಿಗೆ ಒದ್ದಾಡುತ್ತಿದ್ದವಳು ಮಗಳ ಬೆನ್ನಿಗೆ ಕಿವಿಯಿಟ್ಟು ಕೇಳುತ್ತಿದ್ದಳು. ನೋಡುವವರಿಗೆ ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ.

"ನನಗೆ ಹೋದ ವರ್ಷ ಹದಿನೈದು ದಿನ ಜ್ವರ," ಎಂದಳು ಸೊಸೆ ಗಂಡನ ಹತ್ತಿರ, ಎಲ್ಲರಿಗೂ ಕೇಳುವ ಹಾಗೆ. "ಮಾತ್ರೆ ನುಂಗಿದ್ಯಾ ಅಂತ ಒಂದು ಮಾತು ಕೇಳಿದ್ರಾ ನಿಮ್ಮಮ್ಮ? ಮಗಳು ಸೀನಿದ್ರೆ ಮಾತ್ರ ಮನೆ ಅಲ್ಲಾಡಬೇಕು."

"ಕಾಯಿಲೆ ಮನುಷ್ಯರ ಮೇಲೆ ಕಂಪ್ಲೇಂಟ್ ಮಾಡ್ತೀಯಲ್ಲೇ," ಎಂದ ಗಂಡ.

"ಕಂಪ್ಲೇಂಟಲ್ಲ. ಕಣ್ಣಿದೆ, ಕಾಣುತ್ತೆ."

ಅವಳಿಗೆ ಕಣ್ಣು ಇದ್ದದ್ದು ನಿಜ. ಅರ್ಜಿಯ ಜಗಳವನ್ನು ತಿರುಗಿಸಿದ್ದೂ ಆ ಕಣ್ಣೇ. ಒಂದು ಭಾನುವಾರ ಅಟ್ಟದ ಮೇಲಿನ ಸ್ಟೀಲ್ ಡಬ್ಬಿಗಳನ್ನೆಲ್ಲ ಇಳಿಸಿ ತಿಕ್ಕಲು ಕೂತಳು. ದೊಡ್ಡದು, ಅದಕ್ಕಿಂತ ಸಣ್ಣದು, ಹೀಗೆ ಏಳು ಡಬ್ಬಿ. ಅತ್ತೆ ಅವುಗಳನ್ನು ಯಾರ ಕೈಗೂ ಕೊಟ್ಟವಳಲ್ಲ. ಬೂದಿಯಲ್ಲಿ ತಳ ತಿಕ್ಕುತ್ತಿದ್ದ ಸೊಸೆ ತಟ್ಟನೆ ಕೈ ನಿಲ್ಲಿಸಿದಳು.

"ಅತ್ತಿಗೆ, ಮಾವನದು ಯಾವ ವಿಭಾಗ ಅಂತ ಹೇಳಿದ್ರು?"

"ಶೀಟ್ ವಿಭಾಗ."

"ಇಲ್ಲಿ ಬೇರೆ ಇದೆ ನೋಡಿ."

ಡಬ್ಬಿಯ ತಳದಲ್ಲಿ ಚುಕ್ಕಿ ಚುಕ್ಕಿಯಾಗಿ ಅಕ್ಷರ ಕೊರೆದಿದ್ದರು. ತಿಂಗಳ ಶುಭ್ರ ಸಮವಸ್ತ್ರ, ಮೊದಲ ಬಹುಮಾನ, ಪೈಪ್ ವಿಭಾಗ. ಕೆಳಗೆ ಇಸವಿ. ಲಾಯರಮ್ಮ ಏಳು ಡಬ್ಬಿಯನ್ನೂ ಬೋರಲು ಹಾಕಿ ಓದಿದಳು. ಏಳರಲ್ಲೂ ಪೈಪ್ ವಿಭಾಗ. ಮೂರು ವರ್ಷದ ಇಸವಿಗಳು. ನೀರಿನ ದೊಡ್ಡ ಪೈಪುಗಳಿಗೆ ಒತ್ತಡ ತಡೆಯಲು ನೀಲಿ ನಾರು ಹಾಕುತ್ತಿದ್ದರು ಎಂಬುದನ್ನು ಅವಳು ಅಷ್ಟರಲ್ಲಿ ನಿಧಿಯ ಕಚೇರಿಯಲ್ಲಿ ಓದಿಕೊಂಡು ಬಂದಿದ್ದಳು. ಪೈಪ್ ವಿಭಾಗದ ಹಾಜರಿ ಪುಸ್ತಕಗಳು ಮಾತ್ರ ಕಾರ್ಖಾನೆ ಮುಚ್ಚುವಾಗ ಎಲ್ಲಿ ಹೋದವೋ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಕಾರ್ಮಿಕನೇ ಬಂದು ಅಧಿಕಾರಿಯ ಎದುರು ಕೂತು ಹೇಳಿಕೆ ಕೊಡಬೇಕು ಎಂಬ ನಿಯಮವಿತ್ತು.

ಮೇಸ್ತ್ರಿ ಮಾರುಕಟ್ಟೆಯಿಂದ ಬಂದಾಗ ಏಳು ಡಬ್ಬಿಗಳೂ ಮೇಜಿನ ಮೇಲೆ ತಲೆಕೆಳಗಾಗಿ ನಿಂತಿದ್ದವು. ಅವನಿಗೆ ಕೇಳುವ ಅಗತ್ಯ ಬೀಳಲಿಲ್ಲ.

"ಮೂರು ವರ್ಷ," ಎಂದಳು ಲಾಯರಮ್ಮ. "ಮೂರು ವರ್ಷ ನೀಲಿ ನಾರಲ್ಲಿ ಕೆಲಸ ಮಾಡಿದ್ದೀರಿ. ಆ ವಿಭಾಗದ ಬಟ್ಟೆ ಗೇಟು ದಾಟಬಾರದು ಅಂತ ರೂಲ್ಸ್ ಇತ್ತು. ಒಳಗೇ ಲಾಂಡ್ರಿ ಇತ್ತು."

"ಇತ್ತು."

"ಮತ್ತೆ ಮನೆಗೆ ಯಾಕೆ ತಂದ್ರಿ?"

ಅವನು ತರಕಾರಿ ಚೀಲ ಕೆಳಗಿಟ್ಟು, ಬೆವರು ಒರೆಸಿಕೊಂಡ. "ಲಾಂಡ್ರಿಯೋರು ಹಿಂಡಿ ಮುದ್ದೆ ಮಾಡಿ ಕೊಡ್ತಿದ್ರು. ಅದನ್ನ ಹಾಕ್ಕೊಂಡ್ರೆ ಬಹುಮಾನ ಬರುತ್ತಾ? ಊಟದ ಬುತ್ತಿ ಚೀಲದ ತಳದಲ್ಲಿ ಮಡಿಸಿ ತರ್ತಿದ್ದೆ. ಸೂಪರ್‌ವೈಸರಿಗೂ ಗೊತ್ತಿತ್ತು. ಅವನೂ ತಗೊಂಡು ಹೋಗ್ತಿದ್ದ."

"ಒಂದು ಡಬ್ಬಿಗೋಸ್ಕರ!"

"ಅವತ್ತು ಯಾರಿಗೆ ಏನು ಗೊತ್ತಿತ್ತು?"

"ಇವತ್ತು ಗೊತ್ತಿದೆಯಲ್ಲ! ಬಂದು ಹೇಳಿಕೆ ಕೊಡಿ. ಅಮ್ಮನಿಗೆ ಔಷಧಿ ಶುರುವಾಗುತ್ತೆ. ಅದಕ್ಕೂ ನಾಲಿಗೆ ಏಳಲ್ವಾ?"

"ನಾನು ಬರಲ್ಲ."

"ಯಾಕೆ?"

"ಬರಲ್ಲ ಅಂದ್ರೆ ಬರಲ್ಲ."

ಲಾಯರಮ್ಮನಿಗೆ ರಕ್ತ ತಲೆಗೇರಿತು. ಮುಚ್ಚಿಹೋದ ಕಂಪನಿಗೆ ಇನ್ನೂ ನಿಯತ್ತು ತೋರಿಸುವವರು, ತಪ್ಪು ಮಾಡಿದ್ದು ಬಯಲಾಗುತ್ತದೆ ಎಂದು ಹೆಂಡತಿಯನ್ನೇ ಬಲಿ ಕೊಡುವವರು, ಗರಿಗರಿ ಬಟ್ಟೆಯೊಳಗಿನ ಹೇಡಿ, ಎಂದು ಬಾಯಿಗೆ ಬಂದಂತೆ ಅಂದಳು. ತಮ್ಮನೂ ಅವಳ ಪರ ನಿಂತ. ಮೇಸ್ತ್ರಿ ಚೀಲದಿಂದ ಈರುಳ್ಳಿಗಳನ್ನು ಒಂದೊಂದಾಗಿ ತೆಗೆದು ಬುಟ್ಟಿಗೆ ಹಾಕುತ್ತಿದ್ದ. ಕೋಣೆಯಿಂದ ಕ್ಷೀಣವಾಗಿ ಅಮ್ಮನ ಧ್ವನಿ ಬಂತು.

"ನಿಮ್ಮಪ್ಪನ್ನ ಬಿಡೇ. ಅವರದೇನೂ ತಪ್ಪಿಲ್ಲ."

"ನೀನು ಸುಮ್ನಿರಮ್ಮ! ಜೀವನವೆಲ್ಲಾ ಅವರ ಮಡಿಕೆ ತೀಡಿದ್ದು ಸಾಕು."

ಅಂದಿನಿಂದ ಅಪ್ಪ ಮಗಳ ಮಾತು ನಿಂತಿತು. ಮನೆಯಲ್ಲಿ ಮಾತೆಲ್ಲ ಸೊಸೆಯ ಮೂಲಕ ಓಡಾಡತೊಡಗಿತು. "ಉಪ್ಪು ಕೊಡೋಕೆ ಹೇಳು," "ಅಲ್ಲೇ ಇದೆ ತಗೊಳ್ಳೋಕೆ ಹೇಳು." ಸೊಸೆ ಎರಡು ದಿನ ಸಹಿಸಿ ಮೂರನೇ ದಿನ, "ನನ್ನನ್ನ ಏನು ಪೋಸ್ಟಾಫೀಸು ಅಂದ್ಕೊಂಡಿದ್ದೀರಾ?" ಎಂದು ಸೌಟು ಕುಕ್ಕಿದಳು.

ಮೂರನೇ ವಾರ ಅಮ್ಮನ ಎದೆಯಲ್ಲಿ ಮತ್ತೆ ನೀರು ತುಂಬಿತು. ಈ ಸಲ ಎರಡು ಲೀಟರು. ಕೊರಳ ಕೆಳಗಿನ ಎಲುಬುಗಳು ಎದ್ದು ಕಂಡವು. ಬೆನ್ನು ನೋವಿಗೆ ಎಡಕ್ಕೆ ತಿರುಗಿ ಮಲಗಲಾಗುತ್ತಿರಲಿಲ್ಲ. ಔಷಧಿ ಇನ್ನೂ ಯಾಕೆ ಶುರು ಮಾಡಿಲ್ಲ ಎಂದು ಡಾಕ್ಟರಮ್ಮ ಗದರಿದರು. ನಿಧಿಯ ಅರ್ಜಿಗೆ ತಿಂಗಳ ಕೊನೆಯೇ ಗಡುವು. ಎಂಟು ದಿನ ಉಳಿದಿತ್ತು.

ಮಧ್ಯಾಹ್ನದ ಹೊತ್ತು ಮಕ್ಕಳಿಬ್ಬರೂ ಕೆಲಸಕ್ಕೆ ಹೋಗಿರುತ್ತಿದ್ದರು. ಸೊಸೆ ಗುಂಡಿ, ದಾರ ತರಲು ಅಂಗಡಿಗೆ ಇಳಿದಿದ್ದಳು. ಮೇಸ್ತ್ರಿ ಹೆಂಡತಿಯ ಪಕ್ಕ ಸ್ಟೂಲಿನ ಮೇಲೆ ಕೂತು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದ. ನಾಲ್ಕನೇ ಚಮಚಕ್ಕೆ ಅವಳು ಮುಖ ತಿರುಗಿಸಿದಳು.

"ಹೋಗಿ ಹೇಳ್ಬಿಡ್ತೀನಿ ಕಣೇ," ಎಂದ ಅವನು.

"ಏನಂತ?"

"ಬಟ್ಟೆ ತರ್ತಿದ್ದೆ ಅಂತ. ನೀಲಿ ಅಂತ."

"ಯಾರು ಕೊಡವ್ತಿದ್ರು ಅಂತ ಕೇಳ್ತಾರೆ."

"ನೀನು ಅಂತೀನಿ."

"ಕುತ್ತಿಗೆಯಿಂದ ಪಾದದವರೆಗೆ ಒಂದೇ ಬಟ್ಟೆ. ಒಬ್ಬಳ ಕೈಲಿ ಕೊಡವೋಕೆ ಆಗ್ತಿತ್ತೇನ್ರೀ? ಕೇಳೋರು ದಡ್ಡರಾ?"

ಆ ಧೂಳು ನೀರು ಬಿದ್ದರೆ ಅಂಟಿನ ಹಾಗೆ ಬಟ್ಟೆಗೆ ಕಚ್ಚಿಕೊಳ್ಳುತ್ತಿತ್ತು. ಆಮೇಲೆ ಎಷ್ಟು ತಿಕ್ಕಿದರೂ ಮಬ್ಬು ಬಿಡುತ್ತಿರಲಿಲ್ಲ. ಆದ್ದರಿಂದ ಒಗೆಯುವ ಮೊದಲು ಒಣಗಿದ್ದಾಗಲೇ ಮಹಡಿಯ ತಾರಸಿಗೆ ಒಯ್ದು ಜೋರಾಗಿ ಕೊಡವಬೇಕಿತ್ತು. ತಾಯಿ ಭುಜದ ಕಡೆ ಹಿಡಿದರೆ ಕಾಲಿನ ತುದಿ ಹಿಡಿಯುತ್ತಿದ್ದವಳು ಏಳು ವರ್ಷದ ಮಗಳು. ಮಗ ಆಗಿನ್ನೂ ಹುಟ್ಟಿರಲಿಲ್ಲ. ವಾರಕ್ಕೆ ಮೂರು ಸಲ, ಮೂರು ವರ್ಷ. ಹುಡುಗಿ ಆಟವೆಂದು ಓಡಿ ಬರುತ್ತಿದ್ದಳು.

"ಅವಳಿಗೆ ನೆನಪಿಲ್ಲ," ಎಂದಳು ತಾಯಿ, ಎರಡೆರಡು ಮಾತಿಗೆ ಉಸಿರು ತೆಗೆದುಕೊಳ್ಳುತ್ತ. "ಇರೋದು ಬೇಡ. ನನಗೆ ಅರವತ್ಮೂರಾಯ್ತು, ಸಾಕು. ಅವಳು ದಿನಾ ಬೆಳಗ್ಗೆ ಎದ್ದು ತನ್ನ ಎದೆ ಮುಟ್ಟಿ ನೋಡ್ಕೊಳ್ಳೋ ಹಾಗೆ ಮಾಡಬೇಡಿ. ಕೆಮ್ಮಿದಾಗೆಲ್ಲ ಸಾಯಬೇಕಾಗುತ್ತೆ ಅವಳು. ಮಾತು ಕೊಟ್ಟಿದ್ದೀರಿ ನನಗೆ."

"ತೋರಿಸ್ಕೋಬೇಕು ಅಂದ್ರು ಡಾಕ್ಟರು. ವರ್ಷಕ್ಕೊಂದು ಸಲ."

"ತೋರಿಸಿದ್ರೆ ಹೊಕ್ಕಿದ್ದು ಹೊರಗೆ ಬರುತ್ತಾ?"

"ಬರಲ್ಲ. ಆದ್ರೆ ಬೇಗ ಗೊತ್ತಾದ್ರೆ..."

"ತನ್ನಿ ತನ್ನಿ ಅಂತ ಬಟ್ಟೆ ತರಿಸಿಕೊಂಡೋಳು ನಾನೇ. ಎಂಟನೇ ಡಬ್ಬಿ ಬಂದಿದ್ರೆ ಜೊತೆ ಪೂರ್ತಿ ಆಗ್ತಿತ್ತು ಅಂತ ಹೊಟ್ಟೆ ಉರ್ಕೊಂಡೋಳು. ಬಾರೇ ಹಿಡ್ಕೋ ಬಾರೇ ಅಂತ ಅವಳನ್ನ ಕರೆದೋಳೂ ನಾನೇ." ಅವಳು ಕಣ್ಣು ಮುಚ್ಚಿಕೊಂಡಳು. "ಅವಳು ನಿಮ್ಮನ್ನ ಹೇಡಿ ಅಂದ್ಲು. ಕೇಳಿಸ್ತು. ಅನ್ನಿಸ್ಕೊಳ್ಳಿ. ಅದರಿಂದ ಯಾರೂ ಸಾಯಲ್ಲ."

ಮೇಸ್ತ್ರಿ ಬಟ್ಟಲು ಹಿಡಿದುಕೊಂಡು ಕೂತೇ ಇದ್ದ. ಗಂಜಿ ಆರಿ ಕೆನೆ ಕಟ್ಟಿತು. ಅತ್ತ ದರಿ, ಇತ್ತ ಪುಲಿ. ಹೇಳಿದರೆ ಹೆಂಡತಿಗೆ ಔಷಧಿ, ಮಗಳಿಗೆ ಭಯ. ಹೇಳದಿದ್ದರೆ ಮಗಳು ನೆಮ್ಮದಿಯಾಗಿ ಓಡಾಡಿಕೊಂಡಿರುತ್ತಾಳೆ, ಒಂದು ದಿನ ಯಾವುದೋ ಮೆಟ್ಟಿಲಿನ ತಿರುವಿನಲ್ಲಿ ಕೂರುವವರೆಗೆ. ಪೈಪ್ ವಿಭಾಗದಲ್ಲಿ ಮೂರು ಬಣ್ಣದ ನಾರನ್ನು ಪಾಲು ನೋಡಿ ಬೆರೆಸಿದ ಕೈಗೆ ಇದರ ಪಾಲು ಗೊತ್ತಾಗಲಿಲ್ಲ. ತ‌ನ್ನ ಎದೆಯ ಮೇಲೆ ಅವನಿಗೆ ಕೋಪ ಬಂತು. ಬರಬೇಕಾದಲ್ಲಿ ಬರದೆ ಬೇರೆಯವರ ಎದೆ ಹುಡುಕಿಕೊಂಡು ಹೋದ ಕಾಯಿಲೆ ಅದೆಂಥ ಕಾಯಿಲೆ.

ನಾಲ್ಕು ದಿನ ಅವನು ಸರಿಯಾಗಿ ಊಟ ಮಾಡಲಿಲ್ಲ. ಐದನೇ ದಿನ ಬೆಳಿಗ್ಗೆ ಮಗಳು ಅಂಗಡಿಗೆ ಹೊರಡುವಾಗ ಮೆಟ್ಟಿಲ ಬಳಿ ನಿಂತಿದ್ದ. ಅವಳು ಅವನನ್ನು ನೋಡದವಳಂತೆ ಬಿರಬಿರನೆ ಇಳಿದು ಹೋದಳು. ಮೊದಲ ತಿರುವು ದಾಟಿ, ಕೆಳಗಿನ ಬಾಗಿಲು ತಲುಪುವವರೆಗೂ ಅವನು ಅವಳ ಹೆಜ್ಜೆಯನ್ನೇ ಆಲಿಸುತ್ತ ನಿಂತ. ಎಲ್ಲೂ ನಿಲ್ಲಲಿಲ್ಲ. ಒಳಗೆ ಬಂದು ಸೊಸೆಗೆ ಹೇಳಿದ.

"ನಾಳೆ ಹೋಗಿ ಹೇಳಿಕೆ ಕೊಡ್ತೀನಿ. ಲಾಯರಮ್ಮನಿಗೆ ಹೇಳು."

"ನೀವೇ ಹೇಳಿ ಮಾವ. ನನ್ನ ಪೋಸ್ಟಾಫೀಸು ಬಾಗಿಲು ಹಾಕಿದೆ," ಎಂದಳು ಸೊಸೆ. ಆದರೆ ಅವನ ಮುಖ ನೋಡಿ ಮಷೀನು ನಿಲ್ಲಿಸಿ, "ಸರಿ, ಹೇಳ್ತೀನಿ" ಎಂದಳು.

ಹೆಂಡತಿ ತಾನೂ ಬರುತ್ತೇನೆಂದು ಹಟ ಹಿಡಿದಳು. ಕೂರಲಾರದವಳು ಎಲ್ಲಿಗೆ ಬರುತ್ತೀ ಎಂದರೆ ಕೇಳಲಿಲ್ಲ. ಕಾಯಿಲೆ ತನ್ನದು, ತನ್ನನ್ನು ನೋಡದೆ ಅವರು ಹೇಗೆ ಒಪ್ಪುತ್ತಾರೆ ಎಂದು ವಾದಿಸಿದಳು. ಮಗಳಿಗೆ ಅದು ಸರಿ ಎನಿಸಿತು. ಗಂಡನ ಬಾಯಿಗೆ ಕಾವಲು ಕೂರಲು ಅವಳು ಬರುತ್ತಿದ್ದಾಳೆಂದು ಮೇಸ್ತ್ರಿಗೊಬ್ಬನಿಗೇ ಗೊತ್ತಿತ್ತು. ಮಗ ಮಕ್ಕಳನ್ನು ಶಾಲೆಗೆ ಇಳಿಸಿ ಖಾಲಿ ಬಸ್ಸು ತಂದ. ಮೆಡಿಕಲ್ ಶಾಪಿನಿಂದ ಕೇಳಿ ತಂದ ಗಾಲಿಕುರ್ಚಿಯನ್ನು ಹಿಂದೆ ಹಾಕಿದರು. ಮಕ್ಕಳ ಪುಟ್ಟ ಸೀಟಿನಲ್ಲಿ ತಾಯಿ ಸಲೀಸಾಗಿ ಹಿಡಿಸಿದಳು. ಎರಡು ತಿಂಗಳ ಹಿಂದೆ ಹಿಡಿಸುತ್ತಿರಲಿಲ್ಲ.

ಕೆಳಗಿನ ಮನೆಯವನು, "ಏನು ಮೇಸ್ತ್ರಿ, ಇವತ್ತು ಅಂಗಿ ಮುದುಡಿದೆ?" ಎಂದ. ಮೇಸ್ತ್ರಿ ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಕೂತ.

ನಿಧಿಯ ಕಚೇರಿ ಇದ್ದದ್ದು ಹಳೆಯ ಕಾರ್ಖಾನೆಯ ಗೇಟಿನ ಪಕ್ಕದ ಕೋಣೆಯಲ್ಲಿ. ಹಿಂದೆ ಅಲ್ಲಿ ಹಾಜರಿ ಹಾಕುತ್ತಿದ್ದರು. ಅಧಿಕಾರಿ ಕನ್ನಡಕ ಹಾಕಿದ, ಮೆತ್ತಗೆ ಮಾತಾಡುವ ಮನುಷ್ಯ. ದಿನಕ್ಕೆ ಇಂಥ ಐದಾರು ಮನೆಯವರನ್ನು ನೋಡುತ್ತಿದ್ದ. ಲಾಯರಮ್ಮ ತಾಯಿಯ ಅರ್ಜಿಯನ್ನು ತುಂಬಿಕೊಂಡೇ ಬಂದಿದ್ದಳು. ಪೆನ್ನು ಕೈಯಲ್ಲೇ ಇತ್ತು. ಏಳು ಡಬ್ಬಿಗಳಲ್ಲಿ ಒಂದನ್ನು ಮೇಜಿನ ಮೇಲೆ ಬೋರಲು ಇಟ್ಟಳು. ಅಧಿಕಾರಿ ಓದಿ ತಲೆಯಾಡಿಸಿ, ಮೇಸ್ತ್ರಿಯ ಕಡೆ ತಿರುಗಿದ.

ಮೇಸ್ತ್ರಿ ಎಲ್ಲ ಹೇಳಿದ. ಚೀಲ ಕೊಯ್ದು ನೀಲಿ ನಾರು ಸುರಿಯುತ್ತಿದ್ದದ್ದು, ಮುಖಕ್ಕೆ ಕರವಸ್ತ್ರ ಕಟ್ಟಿಕೊಳ್ಳುತ್ತಿದ್ದದ್ದು, ಸಂಜೆ ಬುತ್ತಿ ಚೀಲದ ತಳದಲ್ಲಿ ಯೂನಿಫಾರ್ಮು ಇಟ್ಟು ಗೇಟು ದಾಟುತ್ತಿದ್ದದ್ದು. ಲಾಯರಮ್ಮ ಅವನನ್ನೇ ನೋಡುತ್ತಿದ್ದಳು. ಅಷ್ಟು ದಿನದ ಸಿಟ್ಟು ಅವಳಲ್ಲಿ ಸ್ವಲ್ಪ ಸ್ವಲ್ಪವೇ ಇಳಿಯುತ್ತಿತ್ತು. ವಾಪಸು ಹೋಗುವಾಗ ಅಪ್ಪನ ಪಕ್ಕದಲ್ಲಿ ಕೂರಬೇಕು ಎಂದುಕೊಂಡಳು.

"ಮನೇಲಿ ಆ ಬಟ್ಟೆಯನ್ನ ಏನು ಮಾಡ್ತಿದ್ರು?" ಎಂದ ಅಧಿಕಾರಿ.

"ಮಹಡಿ ಮೇಲೆ ಕೊಡವ್ತಿದ್ರು ಸಾರ್. ಆಮೇಲೆ ಒಗೆಯೋದು."

"ಯಾರು?"

"ನಾನು," ಎಂದಳು ಗಾಲಿಕುರ್ಚಿಯಿಂದ ತಾಯಿ.

"ಒಬ್ಬರೇನಾ?"

"ಒಬ್ಬಳೇ. ಬರ್ಕೊಳ್ಳಿ ಸಾರ್, ಒಬ್ಬಳೇ."

ಅಧಿಕಾರಿ ಬರೆಯಲು ಬಗ್ಗಿದ.

"ಅಲ್ಲ," ಎಂದ ಮೇಸ್ತ್ರಿ.

"ರೀ."

"ಅಲ್ಲ ಸಾರ್. ಇಬ್ಬರು ಹಿಡೀತಿದ್ರು."

"ರೀ, ಮಾತು ಕೊಟ್ಟಿದ್ದೀರಿ." ಅಷ್ಟು ಹೇಳುವುದಕ್ಕೇ ಅವಳ ಉಸಿರು ಮುಗಿಯಿತು. ಗಾಲಿಕುರ್ಚಿಯ ಕೈ ಹಿಡಿದು ಮುಂದಕ್ಕೆ ಬಾಗಿದಳು.

"ಇನ್ನೊಬ್ಬರು ಯಾರು?"

ಕೇಳಿದ್ದು ಅಧಿಕಾರಿಯಲ್ಲ, ಲಾಯರಮ್ಮ. ಅವಳಿಗೆ ಪಕ್ಕದ ಮನೆಯ ಹೆಂಗಸು ಯಾರೋ ನೆನಪಿಗೆ ಬರುತ್ತಿದ್ದಳು. ಆ ಸಾಕ್ಷಿಯೂ ಸಿಕ್ಕಿದರೆ ಕೇಸು ಗಟ್ಟಿಯಾಗುತ್ತದೆ ಎಂದು ಪೆನ್ನು ಎತ್ತಿಕೊಂಡಿದ್ದಳು.

ಮೇಸ್ತ್ರಿ ಮಗಳ ಮುಖ ನೋಡಿದ. ಒಂದು ತಿಂಗಳಾಗಿತ್ತು ನೇರ ನೋಡಿ.

"ನೀನು," ಎಂದ.

ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಲಾಯರಮ್ಮ ಮೊದಲು ಇಲ್ಲವೆಂದು ತಲೆಯಾಡಿಸಿದಳು. ಆಮೇಲೆ ತಲೆಯಾಡಿಸುವುದು ನಿಂತಿತು. ಸಂಜೆಯ ಬಿಸಿಲು, ಮಹಡಿಯ ಸುಣ್ಣದ ಗೋಡೆ, ತನ್ನ ಮುಷ್ಟಿಯೊಳಗೆ ದಪ್ಪ ಬಟ್ಟೆಯ ಎರಡು ಕಾಲು. ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದವಳು ತಾನೇ. ಮೂರಕ್ಕೆ ಬಟ್ಟೆ ಪಟ್ಟೆಂದು ಬಡಿಯುತ್ತಿತ್ತು, ಬಿಸಿಲಿನಲ್ಲಿ ಸಣ್ಣದೇನೋ ಮಿಣಮಿಣ ಹೊಳೆಯುತ್ತ ಏಳುತ್ತಿತ್ತು. ಅದನ್ನು ಹಿಡಿಯಲು ಬಾಯಿ ತೆರೆದುಕೊಂಡು ಕುಣಿಯುತ್ತಿದ್ದಳು. ಅಮ್ಮ ನಗುತ್ತಿದ್ದಳು.

ಬಾಗಿಲ ಬಳಿ ನಿಂತಿದ್ದ ತಮ್ಮ ಒಂದು ಹೆಜ್ಜೆ ಮುಂದೆ ಬಂದು ಅಲ್ಲೇ ನಿಂತ.

ಅಧಿಕಾರಿ ಡ್ರಾಯರು ಎಳೆದು ಮನೆಯವರ ತಪಾಸಣೆಯ ಇನ್ನೊಂದು ಹೊಸ ಅರ್ಜಿ ತೆಗೆದ. ಇಂಥ ಹೊತ್ತಿನಲ್ಲಿ ಕೆಲಸ ಮುಂದುವರಿಸುವುದೇ ಒಳ್ಳೆಯದೆಂದು ಅವನಿಗೆ ಅನುಭವದಿಂದ ಗೊತ್ತಿತ್ತು.

"ವಯಸ್ಸು?" ಎಂದು ಕೇಳಿದ.

"ಏಳು," ಎಂದಳು ತಾಯಿ. ಅವಳು ಅಳುತ್ತಿದ್ದಳು. "ಏಳೇ ವರ್ಷ ಸಾರ್. ಏನೂ ತಿಳಿಯದ ಮಗು. ನಾನು ಕರೆದೆ, ಬಂತು."

"ಈಗಿನದು ಬೇಕಮ್ಮ."

ಲಾಯರಮ್ಮ ಕೈ ಚಾಚಿ ಅರ್ಜಿಯನ್ನು ತನ್ನ ಕಡೆ ಎಳೆದುಕೊಂಡಳು. "ನಾನೇ ತುಂಬ್ತೀನಿ ಕೊಡಿ."

ವಯಸ್ಸು ಎಂಬಲ್ಲಿ ನಲವತ್ತೊಂದು ಎಂದು ಬರೆದಳು. ನಾರಿನ ಬಣ್ಣ ಎಂಬಲ್ಲಿ ನೀಲಿಗೆ ಗುರುತು ಹಾಕಿದಳು. ಈಗ ಇರುವ ತೊಂದರೆಗಳು ಎಂಬಲ್ಲಿಗೆ ಬಂದಾಗ ಇಲ್ಲ ಎಂದು ಬರೆದು ಕೈ ನಿಲ್ಲಿಸಿದಳು. ಆಮೇಲೆ ಆ ಪದದ ಎಡಕ್ಕೆ ಉಳಿದಿದ್ದ ಸ್ವಲ್ಪ ಜಾಗದಲ್ಲಿ, ಚಿಕ್ಕ ಅಕ್ಷರದಲ್ಲಿ, ಸದ್ಯಕ್ಕೆ ಎಂದು ಸೇರಿಸಿದಳು.